ಮೇಲೆ ತಳುಕು, ಒಳಗೆ ಮಣ್ಣು

ಹರಿವಾಣದ ಅಂಚಿನಲ್ಲಿ ಉಗುರಗಲದ ಒಂದು ಚೂರು ಎದ್ದುಹೋಗಿದೆ. ಉಳಿದ ಕಡೆಯೆಲ್ಲ ಕೆನೆಹಾಲಿನಂಥ ಬಿಳುಪು. ಆ ಬಿಳುಪಿನ ಮೇಲೆ ನಡುವೆ ಒಂದು ಮರ, ಮರಕ್ಕೆ ಸುತ್ತಿಕೊಂಡ ಹಾವು, ಆಚೆ ಈಚೆ ಎಲೆ ಮರೆಮಾಡಿಕೊಂಡು ನಿಂತ ಆದಾಮ ಮತ್ತು ಹವ್ವ. ಹವ್ವಳ ಕೈಯಲ್ಲಿ ಹಣ್ಣು. ನೀಲಿ, ಹಸಿರು, ಹಳದಿ, ಒಂದಿಷ್ಟು ನೇರಳೆ. ಅಂಚಿನ ಗಾಯದಲ್ಲಿ ಮಾತ್ರ ಕಾಣುವುದು ಬೇರೆಯೇ: ಮಾರಿ ಬಿಸ್ಕತ್ತಿನ ಬಣ್ಣದ ಮೆದು ಮಣ್ಣು. ಹೊಳಪಿಲ್ಲ, ಬಿಳುಪಿಲ್ಲ. ಬಿಳುಪೆಲ್ಲ ಮೇಲಿನ ಅರ್ಧ ಮಿಲಿಮೀಟರು ದಪ್ಪದೊಳಗೇ ಮುಗಿದುಹೋಗಿದೆ.

ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ಇಂಥ ಹರಿವಾಣಗಳು ಬಹಳ ತಯಾರಾದವು. ಅಡ್ಡಳತೆ ಒಂದು ಅಡಿಗಿಂತ ತುಸು ಹೆಚ್ಚು. ಅಂಚಿನ ಸುತ್ತ ಹಗ್ಗ ಹೊಸೆದಂತೆ ಓರೆಯಾಗಿ ಎಳೆದ ನೀಲಿ ಗೀಟುಗಳು. ಅದಕ್ಕೇ ಸಂಗ್ರಾಹಕರು ಇವನ್ನು ‘ಬ್ಲೂ ಡ್ಯಾಶ್ ಚಾರ್ಜರ್’ ಎಂದು ಕರೆಯುತ್ತಾರೆ. ನೀಲಿ ಗೀಟಿನ ಹರಿವಾಣ ಎನ್ನೋಣ. ಇವು ಊಟಕ್ಕಲ್ಲ, ನೋಟಕ್ಕೆ. ಮಗುಚಿ ನೋಡಿದರೆ ತಳದ ಬಳೆಯಲ್ಲಿ ತೂತು ಕಾಣುತ್ತದೆ. ದಾರ ಪೋಣಿಸಿ ಗೋಡೆಗೆ ತೂಗುಹಾಕಲು ಮಾಡಿದ್ದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ, ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂಗಳಲ್ಲಿ ಇವನ್ನು ಇಂದಿಗೂ ನೋಡಬಹುದು.

‘ಮೇಲೆ ತಳುಕು, ಒಳಗೆ ಹುಳುಕು’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಅನ್ನಿಸಬಹುದು. ಆದರೆ ಈ ತಳುಕನ್ನು ಹಚ್ಚುವುದಕ್ಕೆ ಕುಂಬಾರ ಲೋಹವನ್ನು ಸುಟ್ಟು ಬೂದಿ ಮಾಡಬೇಕಿತ್ತು, ಮಣ್ಣಿಗೆ ಸುಣ್ಣ ಬೆರೆಸಬೇಕಿತ್ತು, ಬೆಳಕನ್ನೇ ಅಡ್ಡಗಟ್ಟಬೇಕಿತ್ತು. ಬೆಳಕಿನ ಅಲೆಗೂ ಒಂದು ಅಳತೆಯಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಆ ಅಳತೆಗೆ ಸರಿಹೊಂದುವ ಹರಳುಗಳನ್ನು ಆತ ಆವಿಗೆಯಲ್ಲಿ ಬೆಳೆಸುತ್ತಿದ್ದ. ಈ ಅಧ್ಯಾಯ ಆ ಅರ್ಧ ಮಿಲಿಮೀಟರಿನ ಕಥೆ.

ಊರೂರು ಸುತ್ತಿ ಬಂದ ವಿದ್ಯೆ

ಎಲ್ಲ ಶುರುವಾದದ್ದು ಚೀನಾದ ಪಿಂಗಾಣಿಯ ಮೇಲಿನ ಆಸೆಯಿಂದ ಎಂದು ಬಹಳ ಕಾಲ ನಂಬಲಾಗಿತ್ತು. 9ನೇ ಶತಮಾನದಲ್ಲಿ ಅಬ್ಬಾಸಿ ಖಲೀಫರ ಇರಾಕಿಗೆ ಚೀನಾದಿಂದ ಬಿಳಿ ಪಾತ್ರೆಗಳು ಹಡಗಿನಲ್ಲಿ ಬಂದವು. ಬಸ್ರಾದ ಕುಂಬಾರರ ಬಳಿ ಅಂಥ ಬಿಳಿಮಣ್ಣು ಇರಲಿಲ್ಲ. ಹಳದಿ ಮಣ್ಣಿನ ಬಟ್ಟಲಿಗೇ ಬಿಳಿ ಮೆರುಗು ಹಚ್ಚಿ ಅವರು ಚೀನಾದ ಪಾತ್ರೆಯನ್ನು ಅನುಕರಿಸಿದರು. ಆದರೆ ಗಾಜಿಗೆ ತವರ ಬೆರೆಸಿ ಅದನ್ನು ಅಪಾರದರ್ಶಕವಾಗಿಸುವ ಉಪಾಯ ಈಜಿಪ್ಟಿನಲ್ಲೂ ಸಿರಿಯಾ-ಪ್ಯಾಲೆಸ್ಟೈನ್ ಸೀಮೆಯಲ್ಲೂ 8ನೇ ಶತಮಾನದಲ್ಲೇ ಬಳಕೆಗೆ ಬಂದಿತ್ತೆಂದು ಈಚಿನ ರಾಸಾಯನಿಕ ವಿಶ್ಲೇಷಣೆಗಳು ತೋರಿಸಿವೆ. ಮೊದಲ ಹೆಜ್ಜೆ ಎಲ್ಲಿಯದೇ ಇರಲಿ, ವಿದ್ಯೆ ಒಂದೆಡೆ ನಿಲ್ಲಲಿಲ್ಲ. ಇರಾನಿನ ಕಾಶಾನಿನಲ್ಲಿ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲೇ ಸೀಸ ಮತ್ತು ತವರವನ್ನು ಸುಟ್ಟು ಮೆರುಗು ಮಾಡುವ ಬಗೆಯನ್ನು ಬರೆದಿಟ್ಟ. ಉತ್ತರ ಆಫ್ರಿಕಾ ದಾಟಿ ವಿದ್ಯೆ ಸ್ಪೇನಿಗೆ ಹೋಯಿತು, ಅಲ್ಲಿಂದ ಇಟಲಿಗೆ. ಇಟಲಿಯಲ್ಲಿ ಅದರ ಹೆಸರು ಮಯೋಲಿಕಾ. ಫಯೆಂಜಾ ಎಂಬ ಇಟಲಿಯ ಊರಿನಿಂದಾಗಿ ಫ್ರಾನ್ಸಿನಲ್ಲಿ ಅದು ಫಯಾನ್ಸ್ ಆಯಿತು. 16ನೇ ಶತಮಾನದ ಆರಂಭದಲ್ಲಿ ಇಟಲಿಯ ಕುಂಬಾರರು ಆಂಟ್‌ವರ್ಪ್‌ಗೆ ಬಂದು ನೆಲೆಸಿದರು.

ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಈ ವಿದ್ಯೆಯನ್ನು ತಂದದ್ದು ವ್ಯಾಪಾರವಲ್ಲ, ಮತದ್ವೇಷ. ಧಾರ್ಮಿಕ ಕಿರುಕುಳಕ್ಕೆ ಹೆದರಿದ ಜಾಸ್ಪರ್ ಆಂಡ್ರೀಸ್ ಮತ್ತು ಜೇಕಬ್ ಯಾನ್ಸೆನ್ ಎಂಬ ಇಬ್ಬರು ಕುಂಬಾರರು 1567ರ ಸುಮಾರಿಗೆ ಊರು ಬಿಟ್ಟು ನಾರಿಚ್ ಪಟ್ಟಣ ಸೇರಿದರು. ನೆಲಕ್ಕೆ ಹಾಸುವ ಬಿಲ್ಲೆ, ಔಷಧಿ ಅಂಗಡಿಯ ಭರಣಿ ಮಾಡಿ ಮಾರುತ್ತಿದ್ದರು. 1570ರಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿ ಜಾಗ ಕೊಡಬೇಕೆಂದು ಅವರು ಎಲಿಜಬೆತ್ ರಾಣಿಗೆ ಅರ್ಜಿ ಹಾಕಿದರು. ಯಾನ್ಸೆನ್ ಲಂಡನ್ನಿನ ಆಲ್ಡ್‌ಗೇಟ್‌ನಲ್ಲಿ ಕೆಲಸ ಶುರುಮಾಡಿದ. ಲಂಡನ್ ಮ್ಯೂಸಿಯಂನಲ್ಲಿ 1600ನೇ ಇಸವಿ ಬರೆದ ಒಂದು ತಟ್ಟೆಯಿದೆ. ನಡುವೆ ಗೋಪುರಗಳ ಪಟ್ಟಣದ ಚಿತ್ರ, ಸುತ್ತ ರಾಣಿಯನ್ನು ದೇವರು ಕಾಪಾಡಲಿ ಎಂಬ ಹಾರೈಕೆ. ಇಸವಿ ಬರೆದ ಇಂಗ್ಲಿಷ್ ತಟ್ಟೆಗಳಲ್ಲಿ ಇದೇ ಹಳೆಯದು.

ಆಮೇಲೆ ಸದರ್ಕ್, ಲ್ಯಾಂಬೆತ್, ಬ್ರಿಸ್ಟಲ್ ಪಕ್ಕದ ಬ್ರಿಸ್ಲಿಂಗ್ಟನ್, ಬ್ರಿಸ್ಟಲ್, ಲಿವರ್‌ಪೂಲ್ ಎಂದು ಆವಿಗೆಗಳು ಹಬ್ಬಿದವು. ಎಲ್ಲವೂ ನೀರಿನ ದಂಡೆಯ ಊರುಗಳೇ. ಮಣ್ಣು, ಸೀಸ, ತವರ ದೋಣಿಯಲ್ಲಿ ಬರಬೇಕು. ಒಡೆಯುವ ಮಾಲು ದೋಣಿಯಲ್ಲೇ ಹೋಗಬೇಕು. ಆ ಕಾಲದ ಇಂಗ್ಲಿಷರು ಇದನ್ನು ‘ಗ್ಯಾಲಿ ವೇರ್’ ಎನ್ನುತ್ತಿದ್ದರು. ಡಚ್ಚರ ಡೆಲ್ಫ್ಟ್ ಊರು ಈ ಬಗೆಯ ಪಾತ್ರೆಗೆ ಪ್ರಸಿದ್ಧವಾದ ಮೇಲೆ ಇಂಗ್ಲೆಂಡಿನಲ್ಲಿ ಮಾಡಿದ್ದಕ್ಕೂ ‘ಡೆಲ್ಫ್ಟ್’ ಎಂಬ ಹೆಸರೇ ಅಂಟಿತು.

ಮಣ್ಣಿಗೆ ಸುಣ್ಣ

ಅಂಚಿನ ಗಾಯದಲ್ಲಿ ಕಂಡ ಮಣ್ಣಿಗೆ ಮತ್ತೆ ಬರೋಣ. ಅದು ಕೆಂಪಗೆ ಏಕಿಲ್ಲ? ನಮ್ಮ ಮಂಗಳೂರು ಹೆಂಚು ಸುಟ್ಟಮೇಲೆ ಕೆಂಪಾಗುವುದು ಮಣ್ಣಿನಲ್ಲಿರುವ ಕಬ್ಬಿಣದಿಂದ. ಬೆಂಕಿಯಲ್ಲಿ ಆ ಕಬ್ಬಿಣ ಹೆಮಟೈಟ್ ಎಂಬ ಕೆಂಪು ಆಕ್ಸೈಡ್ ಆಗುತ್ತದೆ. ಇಂಗ್ಲೆಂಡಿನ ಮಣ್ಣಿನಲ್ಲೂ ಕಬ್ಬಿಣ ಇತ್ತು. ಆದರೆ ಡೆಲ್ಫ್ಟ್ ಕುಂಬಾರರು ಸುಣ್ಣದ ಅಂಶ ಹೆಚ್ಚಿರುವ ಮಣ್ಣನ್ನು ಹುಡುಕಿ, ಬೇರೆ ಮಣ್ಣಿನೊಂದಿಗೆ ಬೆರೆಸುತ್ತಿದ್ದರು. ಪೂರ್ವ ಇಂಗ್ಲೆಂಡಿನ ನಾರ್ಫಕ್, ಸಫಕ್ ಸೀಮೆಯ ಮಣ್ಣು ಹಡಗಿನಲ್ಲಿ ಲಂಡನ್ನಿಗೆ ಬರುತ್ತಿತ್ತು; ಡಚ್ಚರೂ ಅದನ್ನು ಕೊಂಡೊಯ್ಯುತ್ತಿದ್ದರು.

ಸುಣ್ಣ ಮಾಡುವ ಕೆಲಸ ಎರಡು. ಬಿಸಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ ಸುಣ್ಣಕಲ್ಲಿನ ಅಂಶ ಒಡೆದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿದ ಕ್ಯಾಲ್ಸಿಯಂ, ಮಣ್ಣಿನ ಸಿಲಿಕಾ ಮತ್ತು ಅಲ್ಯೂಮಿನಾದೊಂದಿಗೆ ಕೂಡಿ ಹೊಸ ಖನಿಜಗಳಾಗುತ್ತದೆ. ಕೆಂಪಾಗಬೇಕಿದ್ದ ಕಬ್ಬಿಣ ಈ ಹೊಸ ಖನಿಜಗಳ ಹೊಟ್ಟೆ ಸೇರುತ್ತದೆ. ಹಾಗಾಗಿ ಬಣ್ಣ ತಿಳಿಯಾಗುತ್ತದೆ. ಮೇಲಿನ ಬಿಳಿ ಮೆರುಗು ಎಲ್ಲಾದರೂ ತೆಳುವಾದರೂ ಒಳಗಿನ ಮಣ್ಣು ಅಷ್ಟಾಗಿ ಕಣ್ಣಿಗೆ ರಾಚುವುದಿಲ್ಲ.

ಎರಡನೆಯ ಕೆಲಸ ಇನ್ನೂ ಮುಖ್ಯ. ಆವಿಗೆ ಆರುವಾಗ ಮಣ್ಣೂ ಕುಗ್ಗುತ್ತದೆ, ಮೇಲಿನ ಗಾಜಿನಂಥ ಮೆರುಗೂ ಕುಗ್ಗುತ್ತದೆ. ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ, ಮೈಗೆ ಬಿಗಿಯಾದ ರವಿಕೆಯ ಹೊಲಿಗೆ ಬಿಟ್ಟಂತೆ, ಮೆರುಗಿನ ತುಂಬ ಕೂದಲೆಳೆಯ ಬಿರುಕುಗಳು. ಮಣ್ಣೇ ತುಸು ಹೆಚ್ಚು ಕುಗ್ಗಿದರೆ ಮೆರುಗಿನ ಮೇಲೆ ಒತ್ತಡ ಬೀಳುತ್ತದೆ. ಗಾಜು ಎಳೆತವನ್ನು ತಾಳದು, ಒತ್ತಡವನ್ನು ತಾಳುತ್ತದೆ. ಸುಣ್ಣ ಬೆರೆತ ಮಣ್ಣು ಹೆಚ್ಚು ಕುಗ್ಗುವ ಜಾತಿಯದು. ಸೀಸದ ಮೆರುಗಿಗೆ ಅದು ಹೇಳಿ ಮಾಡಿಸಿದ ಜೋಡಿ. ಕುಂಬಾರನಿಗೆ ಉಷ್ಣ ವಿಕಸನದ ಲೆಕ್ಕ ಗೊತ್ತಿರಲಿಲ್ಲ. ಯಾವ ಹಳ್ಳದ ಮಣ್ಣಿಗೆ ಮೆರುಗು ಬಿರಿಯುವುದಿಲ್ಲ ಎಂಬುದು ಗೊತ್ತಿತ್ತು.

ತವರವನ್ನು ಬೂದಿ ಮಾಡುವುದು

ತವರ ನಮಗೆ ಹೊಸದಲ್ಲ. ಸ್ಟೀಲ್ ಪಾತ್ರೆಗಳು ಬರುವ ಮುಂಚೆ ಕಲಾಯಿಯವನು ವರ್ಷಕ್ಕೊಮ್ಮೆಯಾದರೂ ಬೀದಿಗೆ ಬರುತ್ತಿದ್ದ. ತಿದಿಯೊತ್ತಿ, ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ತುಂಡನ್ನು ಒಮ್ಮೆ ತಾಗಿಸಿ ಬಟ್ಟೆಯಿಂದ ಉಜ್ಜಿದನೆಂದರೆ ಕಪ್ಪಿಟ್ಟ ಪಾತ್ರೆ ಬೆಳ್ಳಿಯಾಗುತ್ತಿತ್ತು. ತವರ ಕರಗಲು 232 ಡಿಗ್ರಿ ಸಾಕು. ಕಲಾಯಿಯವನಿಗೆ ಬೇಕಾದದ್ದು ಲೋಹವಾಗಿಯೇ ಉಳಿದ ತವರ. ಅದು ಸುಟ್ಟು ಬೂದಿಯಾಗದಂತೆ ನೋಡಿಕೊಳ್ಳುವುದರಲ್ಲೇ ಅವನ ಕೈಚಳಕ. ಡೆಲ್ಫ್ಟ್ ಕುಂಬಾರನದು ತದ್ವಿರುದ್ಧ. ಅವನಿಗೆ ಬೇಕಾದದ್ದು ಆ ಬೂದಿಯೇ.

ಬರೀ ತವರವನ್ನು ಸುಡುವುದು ಸುಲಭವಲ್ಲ. ಮೇಲೆ ತೆಳ್ಳನೆಯ ಪೊರೆ ಕಟ್ಟಿಕೊಂಡು ಒಳಗಿನ ಲೋಹಕ್ಕೆ ಗಾಳಿ ತಾಗದಂತೆ ಅದು ತಡೆಯುತ್ತದೆ. ಸೀಸ ಜೊತೆಗಿದ್ದರೆ ಕೆಲಸ ಸರಾಗ. ಹಲವು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸಿ, ಗಾಳಿಯಾಡುವ ಕುಲುಮೆಯಲ್ಲಿ ಕರಗಿಸಿ ಕೆದಕುತ್ತ ಹೋದರೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಪುಡಿಪುಡಿಯಾದ ಬೂದಿ ಕಟ್ಟುತ್ತದೆ. ಅದನ್ನು ಪಕ್ಕಕ್ಕೆ ಗೋರಿದಂತೆ ಮತ್ತೆ ಕಟ್ಟುತ್ತದೆ. ಕೊನೆಗೆ ಲೋಹವೆಲ್ಲ ಬೂದಿ.

ಈ ಬೂದಿಯ ಬಣ್ಣ ಬಿಳಿಯಲ್ಲ, ಹಳದಿ. ಸೀಸ ಮತ್ತು ತವರ ಆಮ್ಲಜನಕದೊಂದಿಗೆ ಕೂಡಿ ಸೀಸದ ಸ್ಟ್ಯಾನೇಟ್ ಎಂಬ ಹಳದಿ ಸಂಯುಕ್ತವಾಗಿರುತ್ತದೆ. ಯುರೋಪಿನ ಚಿತ್ರಕಾರರು ಶತಮಾನಗಳ ಕಾಲ ತೈಲಚಿತ್ರಕ್ಕೆ ಬಳಸಿದ ಒಂದು ಹಳದಿ ಬಣ್ಣ ಇದೇ ಸಂಯುಕ್ತ. ಕುಂಬಾರ ಇದಕ್ಕೆ ಮರಳು, ಕ್ಷಾರ, ಉಪ್ಪು ಬೆರೆಸಿ ಮತ್ತೆ ಕರಗಿಸುತ್ತಿದ್ದ. ಆಗ ಒಂದು ತಮಾಷೆ ನಡೆಯುತ್ತದೆ. ಕರಗಿದ ಮರಳು ಸೀಸವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ; ಸೀಸ ಗಾಜಿನಲ್ಲಿ ಕರಗಿಹೋಗುತ್ತದೆ. ಒಂಟಿಯಾದ ತವರ ಗಾಜಿನಲ್ಲಿ ಕರಗಲು ಒಪ್ಪುವುದಿಲ್ಲ. ಅದು ತವರದ ಆಕ್ಸೈಡಿನ ಅತಿ ಸಣ್ಣ ಹರಳುಗಳಾಗಿ, ಗಾಜಿನ ತುಂಬ ಒಂದೇ ಸಮನೆ ಹರಡಿಕೊಂಡು ಪ್ರತ್ಯೇಕವಾಗುತ್ತದೆ. ಹಳದಿ ಹೋಗಿ ಬಿಳಿ ಬರುತ್ತದೆ. ಹೀಗೆ ಸಿದ್ಧವಾದ ಮೆರುಗಿನಲ್ಲಿ ತವರದ ಆಕ್ಸೈಡಿನ ಪಾಲು ಸಾಮಾನ್ಯವಾಗಿ ನೂರಕ್ಕೆ 5ರಿಂದ 10. ಅದಿರನ್ನು ಕುಟ್ಟಿ ನೇರವಾಗಿ ಹಾಕಿದ್ದರೆ ಇಷ್ಟು ನುಣುಪಾದ ಹರಳು ಸಿಗುತ್ತಿರಲಿಲ್ಲ. ಎರಡು ಸಲ ಬೆಂಕಿ ತೋರಿಸುವ ಈ ಸುತ್ತುದಾರಿಯೇ ಗುಟ್ಟು.

ಈ ಗುಟ್ಟಿಗೆ ತೆತ್ತ ಬೆಲೆಯೂ ಇತ್ತು. ಸೀಸದ ಧೂಳು, ಹೊಗೆ ಕುಂಬಾರನ ಮೈ ಸೇರುತ್ತಿತ್ತು. ಔದ್ಯೋಗಿಕ ಕಾಯಿಲೆಗಳ ಮೊದಲ ಮಹತ್ವದ ಪುಸ್ತಕ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲೇ ಸೀಸ ಅರೆಯುವ ಕುಂಬಾರರ ಕೈ ನಡುಕ, ಲಕ್ವದ ಬಗ್ಗೆ ದಾಖಲಿಸಿದ್ದ. ಮನೆಯಲ್ಲಿ ಇಂಥ ಹಳೆಯ ತಟ್ಟೆಯಿದ್ದರೆ ನೋಡಿ ಸಂತೋಷಪಡಿ. ಅದರಲ್ಲಿ ಉಪ್ಪಿನಕಾಯಿ, ಹುಣಸೆಹುಳಿ, ನಿಂಬೆರಸ ಇಡಬೇಡಿ. ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ.

ಒದ್ದೆ ಪಂಚೆಯ ಪಾಠ

ಈಗ ಮುಖ್ಯ ಪ್ರಶ್ನೆ. ತವರದ ಆಕ್ಸೈಡಿನ ದೊಡ್ಡ ಶುದ್ಧ ಹರಳನ್ನು ಹಿಡಿದು ನೋಡಿದರೆ ಅದು ಬಿಳಿಯಲ್ಲ, ಹೆಚ್ಚುಕಡಿಮೆ ಪಾರದರ್ಶಕ. ಸೀಸದ ಗಾಜೂ ಪಾರದರ್ಶಕ. ಎರಡು ಪಾರದರ್ಶಕ ವಸ್ತು ಸೇರಿದರೆ ಬಿಳಿ ಹೇಗೆ ಬಂತು?

ಉತ್ತರ ನಿಮ್ಮ ಬಚ್ಚಲಿನಲ್ಲೇ ಇದೆ. ಒಣಗಿದ ಬಿಳಿ ಪಂಚೆ ಮೈಯನ್ನು ಮುಚ್ಚುತ್ತದೆ. ನೀರಿನಲ್ಲಿ ನೆನೆದ ಪಂಚೆ ಮಾನ ಕಳೆಯುತ್ತದೆ. ಹತ್ತಿಯ ಎಳೆಯೇನೂ ಬದಲಾಗಿಲ್ಲ. ಎಳೆಗಳ ನಡುವೆ ಇದ್ದ ಗಾಳಿಯ ಜಾಗಕ್ಕೆ ನೀರು ಬಂದಿದೆ, ಅಷ್ಟೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ, ಎರಡರ ವಕ್ರೀಭವನ ಸೂಚ್ಯಂಕದ ಅಂತರ ಎಷ್ಟು ಹೆಚ್ಚೋ ಅಷ್ಟು ಹೆಚ್ಚು ಬಾಗುತ್ತದೆ, ಅಷ್ಟು ಹೆಚ್ಚು ಹಿಂದಕ್ಕೆ ಪುಟಿಯುತ್ತದೆ. ಗಾಳಿಯ ಸೂಚ್ಯಂಕ 1, ಹತ್ತಿಯದು ಸುಮಾರು 1.55. ಅಂತರ ದೊಡ್ಡದು. ಬೆಳಕು ಎಳೆಯಿಂದ ಎಳೆಗೆ ಪುಟಿದು, ದಾರಿ ತಪ್ಪಿ, ಬಂದ ಕಡೆಗೇ ವಾಪಸಾಗುತ್ತದೆ. ಎಲ್ಲ ಬಣ್ಣಗಳೂ ಹಾಗೇ ವಾಪಸಾದಾಗ ಕಣ್ಣಿಗೆ ಅದು ಬಿಳಿ. ನೀರಿನ ಸೂಚ್ಯಂಕ 1.33, ನೆನೆದಾಗ ಅಂತರ ಕುಗ್ಗುತ್ತದೆ, ಬೆಳಕು ಸಲೀಸಾಗಿ ದಾಟಿಹೋಗುತ್ತದೆ. ಸಕ್ಕರೆಯ ಪುಡಿ ಬೆಳ್ಳಗಿದ್ದು ಪಾಕ ತಿಳಿಯಾಗಿರುವುದಕ್ಕೂ, ಹಾಲು ಬೆಳ್ಳಗಿರುವುದಕ್ಕೂ ಇದೇ ಕಾರಣ. ಬಿಳುಪು ಒಂದು ವಸ್ತುವಲ್ಲ. ಬೆಳಕು ದಾಟಲಾಗದೆ ಹಿಂದಿರುಗಿದ ಸ್ಥಿತಿ.

ಸೀಸದ ಮೆರುಗಿನ ಸೂಚ್ಯಂಕ ಸುಮಾರು 1.6. ತವರದ ಆಕ್ಸೈಡಿನದು ಸುಮಾರು 2. ಅಂತರ ಸಾಕಷ್ಟಿದೆ. ಆದರೆ ಅಂತರವೊಂದೇ ಸಾಲದು, ಹರಳಿನ ಗಾತ್ರವೂ ಸರಿಯಾಗಿರಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಹರಳು ಇದಕ್ಕಿಂತ ತೀರ ಸಣ್ಣದಾದರೆ ಬೆಳಕು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೀರ ದೊಡ್ಡದಾದರೆ ಅಷ್ಟೇ ತವರದಲ್ಲಿ ಹರಳುಗಳ ಸಂಖ್ಯೆ ಕಡಿಮೆಯಾಗುತ್ತದೆ. ಅಲೆಯ ಉದ್ದಕ್ಕೆ ಹತ್ತಿರದ ಗಾತ್ರವಾದರೆ ಚದುರಿಸುವ ಶಕ್ತಿ ಅತಿ ಹೆಚ್ಚು. ಡೆಲ್ಫ್ಟ್ ಮೆರುಗಿನ ಹರಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು. ತಲೆಗೂದಲಿನ ದಪ್ಪ 70 ಮೈಕ್ರಾನ್ ಎಂದಿಟ್ಟುಕೊಂಡರೆ, ಅರ್ಧ ಮೈಕ್ರಾನಿನ 140 ಹರಳುಗಳನ್ನು ಒಂದು ಕೂದಲಿನ ಅಡ್ಡಗಲಕ್ಕೆ ಸಾಲಾಗಿ ಜೋಡಿಸಬಹುದು. ಮೆರುಗಿನಲ್ಲಿ ಉಳಿದ ಗಾಳಿಗುಳ್ಳೆ, ಕರಗದ ಮರಳಿನ ಕಣಗಳೂ ಈ ಅಡ್ಡಗಟ್ಟುವ ಕೆಲಸಕ್ಕೆ ಕೈಜೋಡಿಸುತ್ತವೆ.

ಇಷ್ಟಾದರೂ ಬಿಳುಪಿನಲ್ಲಿ ಒಂದು ಎಳೆ ಹಳದಿ ಉಳಿಯುತ್ತಿತ್ತು. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕುವುದಿಲ್ಲವೆ? ಅವರೂ ಅದನ್ನೇ ಮಾಡಿದರು: ಮೆರುಗಿಗೆ ಚಿಟಿಕೆ ಕೋಬಾಲ್ಟ್ ಬೆರೆಸಿದರು. 18ನೇ ಶತಮಾನದ ಅನೇಕ ತಟ್ಟೆಗಳ ಮೈ ಸಣ್ಣಗೆ ನೀಲಿ ಹೊಡೆಯುವುದು ಇದರಿಂದ. ಬ್ರಿಸ್ಟಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ನಸುನೀಲಿ ಮೈಯ ಮೇಲೆ ಅಚ್ಚಬಿಳಿಯ ಬಳ್ಳಿ ಬರೆದು ಬಿಳಿಯ ಮೇಲೆ ಬಿಳಿಯ ಚಿತ್ತಾರ ಮಾಡಿದರು.

ತಿದ್ದಲಾಗದ ಗೆರೆ

ತಿಗರಿಯ ಮೇಲೋ ಅಚ್ಚಿನ ಮೇಲೋ ಮಾಡಿದ ಹರಿವಾಣವನ್ನು ಒಣಗಿಸಿ ಒಮ್ಮೆ ಸುಡುತ್ತಾರೆ. ಸುಟ್ಟ ಮಣ್ಣು ರಂಧ್ರಮಯ. ಮೆರುಗಿನ ಪುಡಿ ಕಲಸಿದ ನೀರಿನಲ್ಲಿ ಅದನ್ನು ಅದ್ದಿ ತೆಗೆದರೆ ಮಣ್ಣು ನೀರನ್ನು ಗಟಗಟನೆ ಹೀರಿಕೊಳ್ಳುತ್ತದೆ; ಪುಡಿ ಮೇಲೆ ದೋಸೆಹಿಟ್ಟಿನಂತೆ ಕೂರುತ್ತದೆ. ಚಿತ್ರ ಬರೆಯುವುದು ಈ ಒಣ, ಇನ್ನೂ ಸುಡದ ಪುಡಿಯ ಮೇಲೆ. ಕುಂಚ ಮುಟ್ಟಿದ ಗಳಿಗೆಯಲ್ಲೇ ಬಣ್ಣವನ್ನು ಅದು ಎಳೆದುಕೊಳ್ಳುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಶಾಯಿ ತಾಗಿಸಿದಂತೆ. ಅಳಿಸುವಂತಿಲ್ಲ, ಒತ್ತಿ ಉಜ್ಜಿದರೆ ಪುಡಿಯೇ ಎದ್ದುಬರುತ್ತದೆ. ಕೈ ನಡುಗಿದರೆ ನಡುಕ ಮುನ್ನೂರು ವರ್ಷ ಉಳಿಯುತ್ತದೆ. ಹರಿವಾಣದ ಆದಾಮನ ಪಕ್ಕೆಲುಬು ಎರಡೇ ಬೀಸಿನಲ್ಲಿ ಮುಗಿದಿರುವುದು ಸೋಮಾರಿತನದಿಂದಲ್ಲ.

ಪೇಚಾಟ ತಪ್ಪಿಸಲು ಒಂದು ಉಪಾಯವಿತ್ತು. ಕಾಗದದ ಮೇಲೆ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಅದನ್ನು ತಟ್ಟೆಯ ಮೇಲಿಟ್ಟು, ಇದ್ದಿಲ ಪುಡಿಯ ಗಂಟಿನಿಂದ ತಟ್ಟುವುದು. ತೂತಿನ ರಂಗೋಲಿ ಜಾಲರಿಯಿಂದ ಹೊಸ್ತಿಲ ಮುಂದೆ ಎಳೆ ಹಾಕಿದ ಹಾಗೆ. ಚುಕ್ಕಿಗಳ ಜಾಡು ಹಿಡಿದು ಕುಂಚ ಓಡುತ್ತದೆ, ಇದ್ದಿಲು ಆವಿಗೆಯಲ್ಲಿ ಉರಿದುಹೋಗುತ್ತದೆ. ಮರದ ಎಲೆಗಳಿಗೆ ಕುಂಚವೂ ಬೇಡ. ಸ್ಪಂಜಿನ ತುಂಡನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಹಸಿರು ಗುಪ್ಪೆ ಸಿದ್ಧ.

ಬರೆಯುವಾಗ ಕಾಣುವ ಬಣ್ಣ ಬೇರೆ, ಬೆಂಕಿಯಿಂದ ಹೊರಬರುವ ಬಣ್ಣ ಬೇರೆ. ಕೋಬಾಲ್ಟ್ ಆಕ್ಸೈಡ್ ಕಪ್ಪು; ಸುಟ್ಟಮೇಲೆ ಅದೇ ಕಡುನೀಲಿ. ಎರಡನೆಯ ಸಲದ ಬೆಂಕಿಯೂ 1000 ಡಿಗ್ರಿಯ ಆಸುಪಾಸಿನದು. ಅದನ್ನು ತಾಳುವ ಬಣ್ಣಗಳು ಐದಾರೇ. ಕೋಬಾಲ್ಟ್ ನೀಲಿ, ತಾಮ್ರದ ಹಸಿರು, ಮ್ಯಾಂಗನೀಸಿನ ನೇರಳೆ, ಆಂಟಿಮನಿಯ ಹಳದಿ, ಕಬ್ಬಿಣದ ಕಿತ್ತಳೆ-ಕೆಂಪು. ಇವುಗಳ ಸ್ವಭಾವ ಎರಡು ಬಗೆ. ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ಕಾಫಿಗೆ ಹಾಕಿದ ಸಕ್ಕರೆಯಂತೆ ಮೆರುಗಿನಲ್ಲಿ ಕರಗಿ ಅದಕ್ಕೆ ಬಣ್ಣ ಕೊಡುತ್ತವೆ. ಕರಗಿದ್ದು ಅತ್ತಿತ್ತ ಹರಿಯುತ್ತದೆ. ನೀಲಿ ಗೀಟಿನ ಅಂಚು ಮಸುಕಾಗುವುದು ಅದಕ್ಕೇ. ಸೀಸದ ಆಂಟಿಮೊನೇಟ್ ಎಂಬ ಹಳದಿ ಕರಗುವುದಿಲ್ಲ. ಕಾಫಿಯ ಗಸಿಯಂತೆ ಕಣವಾಗಿಯೇ ಉಳಿಯುತ್ತದೆ. ಅದರ ಗೆರೆ ಇಟ್ಟಲ್ಲೇ ನಿಲ್ಲುತ್ತದೆ. ಕೆಂಪಿನದು ಮಾತ್ರ ಯಾವಾಗಲೂ ರಗಳೆ. ಹೆಮಟೈಟ್ ಅರ್ಧ ಕರಗಿ ಕಂದಾಗಿಬಿಡುತ್ತದೆ. ದಪ್ಪಗೆ ಬಳಿದರೆ ಮಾತ್ರ ಕೆಂಪು ಉಳಿದೀತು.

ಕೋಬಾಲ್ಟ್ ನೀಲಿ ಬರುತ್ತಿದ್ದದ್ದು ಜರ್ಮನಿಯ ಸ್ಯಾಕ್ಸನಿಯ ಬೆಟ್ಟಗಳಿಂದ. ಅಲ್ಲಿನ ಬೆಳ್ಳಿ ಗಣಿಗಾರರಿಗೆ ಸಿಕ್ಕ ಒಂದು ಅದಿರು ಬೆಳ್ಳಿ ಕೊಡದೆ, ಕಾಯಿಸಿದರೆ ಆರ್ಸೆನಿಕ್ ವಿಷದ ಹೊಗೆ ಕೊಡುತ್ತಿತ್ತು. ಇದು ಕೋಬೋಲ್ಡ್ ಎಂಬ ಗಣಿಭೂತದ ಕಾಟ ಎಂದು ಅವರು ಶಪಿಸಿದರು. 1735ರ ಸುಮಾರಿಗೆ ಸ್ವೀಡನ್ನಿನ ಗಿಯೋರ್ಗ್ ಬ್ರಾಂಟ್ ಆ ಅದಿರಿನಲ್ಲಿ ಹೊಸ ಲೋಹವಿದೆ ಎಂದು ತೋರಿಸಿದಾಗ ಭೂತದ ಹೆಸರೇ ಧಾತುವಿನ ಹೆಸರಾಗಿ ನಿಂತಿತು. ಹವ್ವಳ ಮೈಯ ರೇಖೆ ಬರೆದವನಿಗೆ ಕೋಬಾಲ್ಟ್ ಒಂದು ಧಾತು ಎಂದೇ ಗೊತ್ತಿರಲಿಲ್ಲ.

ನಮಗೆ ಇದೆಲ್ಲ ತಿಳಿಯುವುದು ಹೇಗೆ? ಮ್ಯೂಸಿಯಂನ ತಟ್ಟೆಯಿಂದ ಚೂರು ಮುರಿದು ಪರೀಕ್ಷಿಸಲು ಯಾರೂ ಬಿಡುವುದಿಲ್ಲ. ಎಕ್ಸ್-ಕಿರಣ ಹಾಯಿಸಿ, ಮರಳಿ ಬರುವ ಕಿರಣಗಳಿಂದ ಸೀಸ, ತವರ, ಕೋಬಾಲ್ಟ್, ಅದರ ಜೊತೆಗಾರರಾದ ನಿಕ್ಕಲ್ ಮತ್ತು ಆರ್ಸೆನಿಕ್‌ಗಳನ್ನು ಗುರುತಿಸುತ್ತಾರೆ. ಧಾತು ಗೊತ್ತಾದರೆ ಸಾಲದು, ಅದು ಯಾವ ಸಂಯುಕ್ತದಲ್ಲಿದೆ ಎಂದೂ ತಿಳಿಯಬೇಕು. ಅದಕ್ಕೆ ಬಳಸುವುದು 1928ರಲ್ಲಿ ಕಲ್ಕತ್ತದಲ್ಲಿ ಪತ್ತೆಯಾದ ರಾಮನ್ ಪರಿಣಾಮವನ್ನು. ಲೇಸರ್ ಬೆಳಕು ಹರಳಿಗೆ ತಾಗಿ ಚದುರುವಾಗ ಅದರ ಒಂದು ಅತ್ಯಲ್ಪ ಪಾಲು ಬಣ್ಣ ಬದಲಿಸುತ್ತದೆ. ಆ ಬದಲಾವಣೆ ಪ್ರತಿ ಹರಳಿಗೂ ಬೇರೆ ಬೇರೆ, ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ತವರದ ಆಕ್ಸೈಡಿನ ಗುರುತು ಎದ್ದು ಕಾಣುವಂಥದ್ದು. ಬದುಕಿನ ಕೊನೆಯವರೆಗೂ ಬೆಂಗಳೂರಿನಲ್ಲಿ ಹರಳುಗಳ ಮೇಲೆ ಬೆಳಕು ಹಾಯಿಸಿ ಕೂತಿದ್ದ ರಾಮನ್ನರ ಶೋಧ ಇಂದು ಮ್ಯೂಸಿಯಂಗಳ ನಿತ್ಯದ ಸಲಕರಣೆ.

ಹಿಂಬದಿ ಹೇಳುವ ಮಾತು

ಹರಿವಾಣವನ್ನು ಮಗುಚಿದರೆ ಬಿಳುಪೇ ಇಲ್ಲ. ಹಿಂಬದಿಗೆ ಹಚ್ಚಿರುವುದು ತವರವಿಲ್ಲದ ಬರೀ ಸೀಸದ ಮೆರುಗು. ತೆಳ್ಳಗೆ, ಹಳದಿಮಿಶ್ರಿತ ಕಂದು. ತವರ ದುಬಾರಿ. ಗೋಡೆಯ ಕಡೆಗಿರುವ ಬೆನ್ನಿಗೆ ಅದೇಕೆ ಖರ್ಚು?

ಆಮೇಲಿನ ಕಾಲದ ಊಟದ ತಟ್ಟೆಗಳಲ್ಲಿ ಅಂಚಿನ ಅಡಿಗೆ ಮೂರು ಸಣ್ಣ ಗಾಯದ ಕಲೆ ಕಾಣುತ್ತವೆ. ಹೊಗೆ ಮತ್ತು ಬೂದಿ ತಾಗದಿರಲೆಂದು ತಟ್ಟೆಗಳನ್ನು ಮಣ್ಣಿನ ಡಬ್ಬಿಗಳೊಳಗೆ ಇಟ್ಟು ಸುಡುತ್ತಿದ್ದರು. ಡಬ್ಬಿಯ ಗೋಡೆಗೆ ತೂರಿಸಿದ ಮೂರು ಮಣ್ಣಿನ ಗೂಟಗಳ ಮೇಲೆ ಒಂದೊಂದು ತಟ್ಟೆ. ಕರಗಿದ ಮೆರುಗು ಗೂಟಕ್ಕೆ ಅಂಟಿ, ಕಿತ್ತಾಗ ಕಲೆ ಉಳಿಯುತ್ತಿತ್ತು. ಒಲೆಯ ಮೂರು ಕಲ್ಲಿನಂತೆ, ಮೂರು ಗೂಟದ ಮೇಲೆ ಯಾವ ತಟ್ಟೆಯೂ ಅಲುಗಾಡದು.

ಬೀಸಿದ ಗಾಳಿ

ತಟ್ಟೆಯ ಮೇಲೆ ಬರೆಯುವ ಚಿತ್ರಗಳಿಗೆ ವಿಷಯದ ಕೊರತೆಯಿರಲಿಲ್ಲ. ಆದಾಮ-ಹವ್ವರ ಜೊತೆಗೆ ಕುದುರೆಯೇರಿದ ಅರಸರು, ಟ್ಯೂಲಿಪ್ ಹೂಗಳು ಬಂದವು. 1784ರಲ್ಲಿ ವಿನ್ಸೆಂಜೋ ಲುನಾರ್ಡಿ ಲಂಡನ್ನಿನಿಂದ ಬಲೂನಿನಲ್ಲಿ ಮೇಲೇರಿದಾಗ ಲ್ಯಾಂಬೆತ್‌ನ ಕುಂಬಾರರು ಬಲೂನಿನ ತಟ್ಟೆಗಳನ್ನೂ ಮಾಡಿ ಮಾರಿದರು. ಕಾಕತಾಳೀಯ ನೋಡಿ: ಇಂಥ ಇಂಗ್ಲಿಷ್ ಮಣ್ಣಿನ ಪಾತ್ರೆಗಳ ಬಹು ದೊಡ್ಡ ಸಂಗ್ರಹವನ್ನು ಕೂಡಿಟ್ಟು 1928ರಲ್ಲಿ ಫಿಟ್ಜ್‌ವಿಲಿಯಂ ಮ್ಯೂಸಿಯಂಗೆ ಬಿಟ್ಟುಹೋದ ಗಣಿತಜ್ಞ ಜೆ. ಡಬ್ಲ್ಯೂ. ಎಲ್. ಗ್ಲೇಷರ್, ಬಲೂನಿನಲ್ಲಿ ಏರಿ ವಾತಾವರಣವನ್ನು ಅಳೆದ ಜೇಮ್ಸ್ ಗ್ಲೇಷರ್ ಅವರ ಮಗ.

ಆದರೆ ಬಲೂನು ಹಾರುವ ಹೊತ್ತಿಗೆ ಡೆಲ್ಫ್ಟ್ ಪಾತ್ರೆಯ ಕಾಲ ಮುಗಿಯುತ್ತ ಬಂದಿತ್ತು. ಟೀ ಅದರ ಶತ್ರು. ಮೆದು ಮಣ್ಣಿನ ಬಟ್ಟಲಿಗೆ ಕುದಿನೀರು ಸುರಿದರೆ ಅದು ಸೀಳುತ್ತಿತ್ತು. ಅಂಚು ತಾಗಿದರೆ ಮೆರುಗು ಹಕ್ಕಳೆಯಾಗಿ ಏಳುತ್ತಿತ್ತು. ಅಂಚಿನಲ್ಲಿ ಮೆರುಗು ತೆಳು, ಮಣ್ಣಿನ ಹಿಡಿತವೂ ಸಡಿಲ. 1760ರ ದಶಕದಲ್ಲಿ ಜೊಸಾಯ ವೆಜ್‌ವುಡ್ ಕೆನೆಬಣ್ಣದ ಪಾತ್ರೆಗಳನ್ನು ಪಕ್ವಗೊಳಿಸಿದ. ಡೆವನ್ ಸೀಮೆಯ ತಿಳಿಬಣ್ಣದ ಮಣ್ಣು, ಸುಟ್ಟು ಅರೆದ ಚಕಮಕಿ ಕಲ್ಲು, ಮೇಲೆ ಪಾರದರ್ಶಕ ಮೆರುಗು. ಒಳಗೂ ಕೆನೆಬಣ್ಣ, ಹೊರಗೂ ಕೆನೆಬಣ್ಣ. ಚೂರು ಎದ್ದರೂ ನಾಚಿಕೆಯಿಲ್ಲ. ಹಗುರ, ಗಟ್ಟಿ. ತವರದ ಖರ್ಚೇ ಇಲ್ಲ. ಷಾರ್ಲಟ್ ರಾಣಿ ತರಿಸಿಕೊಂಡಳು, ‘ಕ್ವೀನ್ಸ್ ವೇರ್’ ಎಂಬ ಹೆಸರು ಬಂತು. 1800ರ ಹೊತ್ತಿಗೆ ಇಂಗ್ಲೆಂಡಿನ ಡೆಲ್ಫ್ಟ್ ಆವಿಗೆಗಳು ಬಹುಪಾಲು ಆರಿಹೋಗಿದ್ದವು.

ಉಪಾಯ ಮಾತ್ರ ಸಾಯಲಿಲ್ಲ. ನಿಮ್ಮ ಮನೆಯ ವಾಶ್‌ಬೇಸಿನ್, ಬಚ್ಚಲ ಟೈಲ್ಸ್‌ಗಳ ಬಿಳುಪೂ ಇದೇ ಜಾತಿಯದು. ತವರದ ಬದಲು ಅಗ್ಗದ ಜಿರ್ಕಾನ್ ಹರಳು ಬಂದಿದೆ, ಅಷ್ಟೆ. ಅದರ ಸೂಚ್ಯಂಕವೂ ಹೆಚ್ಚುಕಡಿಮೆ 2. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಅದೇ ಕೆಲಸವನ್ನು ಟೈಟೇನಿಯಂ ಡೈಆಕ್ಸೈಡ್ ಮಾಡುತ್ತದೆ.

ಕೊನೆಗೆ ಒಂದು ವಿಚಿತ್ರ. ಈ ಕುಂಬಾರರಿಗೆ ಬೇಕಾದ ತವರ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಗಣಿಗಳಿಂದ ಬರುತ್ತಿತ್ತು. ಅಲ್ಲಿನ ಗ್ರಾನೈಟ್ ಬಂಡೆಯನ್ನು ಹಿಂದೆಂದೋ ಬಿಸಿ ದ್ರವಗಳು ಭೇದಿಸಿ ಬಿರುಕುಗಳಲ್ಲಿ ತವರದ ಅದಿರನ್ನು ತುಂಬಿದ್ದವು. ಅದೇ ಗ್ರಾನೈಟಿನ ಫೆಲ್ಡ್‌ಸ್ಪಾರ್ ಕೊಳೆತು ಹಲವೆಡೆ ಬಿಳಿಮಣ್ಣಾಗಿತ್ತು. ಅದು ಕೆಯೋಲಿನ್, ಚೀನಾದ ಪಿಂಗಾಣಿಯ ಜೀವಾಳ. ಪ್ಲಿಮತ್ತಿನ ಔಷಧಿ ವ್ಯಾಪಾರಿ ವಿಲಿಯಂ ಕುಕ್‌ವರ್ದಿ 1740ರ ದಶಕದಲ್ಲಿ ಕಾರ್ನ್‌ವಾಲ್‌ನ ಟ್ರೆಗಾನಿಂಗ್ ಗುಡ್ಡದಲ್ಲಿ ಅದನ್ನು ಗುರುತಿಸಿ, 1768ರಲ್ಲಿ ಪಿಂಗಾಣಿ ತಯಾರಿಕೆಗೆ ಪೇಟೆಂಟ್ ಪಡೆದ. ಎರಡು ಶತಮಾನ ಕಾಲ ಇಂಗ್ಲಿಷ್ ಕುಂಬಾರರು ಹಳದಿ ಮಣ್ಣನ್ನು ಮುಚ್ಚುವ ತವರಕ್ಕಾಗಿ ಕಾರ್ನ್‌ವಾಲ್‌ಗೆ ದುಡ್ಡು ಸುರಿದರು. ಮುಚ್ಚುವ ಅಗತ್ಯವೇ ಇಲ್ಲದ ಬಿಳಿಮಣ್ಣು ಆ ನೆಲದಲ್ಲೇ ಬಿದ್ದಿತ್ತು.

ಅದು ಮೊದಲೇ ಸಿಕ್ಕಿದ್ದರೆ ಬೆಳಕನ್ನು ಅಡ್ಡಗಟ್ಟುವ ಈ ಬೂದಿಯ ಗೋಜಿಗೆ ಇಂಗ್ಲೆಂಡಿನಲ್ಲಿ ಯಾರು ಹೋಗುತ್ತಿದ್ದರು? ಆದ್ದರಿಂದ ಮೊದಲು ಹೇಳಿದ ತಳುಕು-ಹುಳುಕಿನ ಗಾದೆಯನ್ನು ಹರಿವಾಣದ ಮೇಲೆ ಹೇರುವುದು ಬೇಡ. ಒಳಗಿರುವುದು ಹುಳುಕಲ್ಲ, ಮಣ್ಣು. ಮೇಲಿನ ತಳುಕು ಆ ಮಣ್ಣಿನ ಬಡತನಕ್ಕೆ ಕಂಡುಕೊಂಡ ಪರಿಹಾರ. ಮುಂದೆ ಎಲ್ಲಾದರೂ ಮ್ಯೂಸಿಯಂನಲ್ಲಿ ಇಂಥ ತಟ್ಟೆ ಎದುರಾದರೆ ಚಿತ್ರವನ್ನು ಆಮೇಲೆ ನೋಡಿ. ಮೊದಲು ಅಂಚಿನಲ್ಲಿ ಚೂರು ಎದ್ದ ಜಾಗವನ್ನು ಹುಡುಕಿ.